ಸುಳ್ಳು ಹೇಳಿ ಸತ್ಯ ತೋರಿಸಬಹುದೇ?



ತಾರೆಯರ ಸುದ್ದಿ ಎಂದರೆ ಪತ್ರಿಕೆಗಳು ಏನನ್ನು ಬೇಕಾದರೂ ಅಚ್ಚು ಹಾಕುತ್ತವೆಯೇ? ಇದನ್ನು ಪರೀಕ್ಷಿಸಲು 2009ರಲ್ಲಿ ಇಂಗ್ಲೆಂಡಿನ ಚಿತ್ರ ನಿರ್ದೇಶಕ ಕ್ರಿಸ್ ಅಟ್ಕಿನ್ಸ್ ಒಂದು ಉಪಾಯ ಹೂಡಿದರು. ಅವರ ತಂಡದವರು ಕಟ್ಟುಕಥೆಗಳನ್ನು ಹೆಣೆದು ಲಂಡನ್ನಿನ ಜನಪ್ರಿಯ ಪತ್ರಿಕೆಗಳಿಗೆ ಫೋನ್ ಮಾಡಿದರು. ಗಾಯಕಿ ಏಮಿ ವೈನ್‌ಹೌಸ್ ಅವರ ಕೂದಲಿಗೆ ಬೆಂಕಿ ಹತ್ತಿತಂತೆ ಎಂಬುದು ಅವುಗಳಲ್ಲೊಂದು. ಇಂಥ ಹಲವು ಕಥೆಗಳು ಪರಿಶೀಲನೆಯೇ ಇಲ್ಲದೆ ಅಚ್ಚಾದವು. ಅದೇ ವರ್ಷ 'ಸ್ಟಾರ್‌ಸಕರ್ಸ್' ಎಂಬ ಚಿತ್ರದಲ್ಲಿ ಅಟ್ಕಿನ್ಸ್ ಗುಟ್ಟು ಬಯಲು ಮಾಡಿದರು. ಜನ ನಕ್ಕರು.

ನಾವೂ ನಗಬಹುದೇ? ತಮಾಷೆಯ ಮಾತನ್ನು ಸಂತ ಅಗಸ್ಟೀನರು ಸುಳ್ಳಿನ ಲೆಕ್ಕಕ್ಕೆ ಸೇರಿಸಲಿಲ್ಲ; ಹೇಳುವವನ ದನಿಯಲ್ಲೇ ಅದು ತಮಾಷೆಯೆಂದು ತಿಳಿಯುತ್ತದೆ. ಆದರೆ ಈ ಫೋನ್ ಕರೆಗಳು ನಂಬಿಸುವುದಕ್ಕೆಂದೇ ಮಾಡಿದವು. ನಗಿಸಲು ಹೇಳಿದ ಸುಳ್ಳೂ ಸುಳ್ಳೇ, ಕೇಡಿಗಾಗಿ ಹೇಳಿದ್ದಕ್ಕಿಂತ ಅದರ ಭಾರ ಕಡಿಮೆ ಅಷ್ಟೆ, ಎಂಬುದು ಸಂತ ಥಾಮಸ್ ಅಕ್ವಿನಾಸರ ಬೋಧನೆ.

ಹಾಗಾದರೆ ಪ್ರವಾದಿ ನಾತಾನ? ಬಡವನೊಬ್ಬನ ಕುರಿಮರಿಯ ಕಥೆ ಕಟ್ಟಿ ದಾವೀದ ಅರಸನಿಗೆ ಅವನ ಪಾಪವನ್ನು ತೋರಿಸಿಕೊಟ್ಟವನು ಅವನಲ್ಲವೇ ಎಂದು ನೀವು ಕೇಳಬಹುದು. ನಿಜ. ಆದರೆ ನಾತಾನನು ತಪ್ಪಿತಸ್ಥನ ಮುಂದೆಯೇ ನಿಂತು ಹೇಳಿದ. ಆ ಅಪರಾಧಿ ನೀನೇ ಎಂದು ಅಲ್ಲೇ ತಿಳಿಸಿದ. ಅವನ ಕಥೆಯಲ್ಲಿ ಬದುಕಿರುವ ಯಾರ ಹೆಸರೂ ಕೆಡಲಿಲ್ಲ. ಲಂಡನ್ನಿನಲ್ಲಿ ಪಾಠ ಕಲಿಯಬೇಕಾದವು ಪತ್ರಿಕೆಗಳು, ನಗೆಗೀಡಾದವರು ಏಮಿ. ಆಕೆ ಆಗಲೇ ಕುಡಿತದ ಚಟದಿಂದ ನರಳುತ್ತಿದ್ದ ಹೆಣ್ಣುಮಗಳು. 2011ರ ಜುಲೈಯಲ್ಲಿ, 27ನೇ ವಯಸ್ಸಿಗೇ, ಅತಿಯಾದ ಮದ್ಯ ಸೇವನೆಯಿಂದ ತೀರಿಕೊಂಡರು. ಆ ಕಟ್ಟುಕಥೆ ಸಾವಿಗೆ ಕಾರಣವೆಂದು ಹೇಳುತ್ತಿಲ್ಲ. ಆದರೆ ರೋಗಿಯ ಹೆಸರನ್ನು ಆಟಿಕೆ ಮಾಡಿಕೊಂಡದ್ದು ಸರಿಯೆನ್ನಲು ಮನಸ್ಸು ಒಪ್ಪದು.

ಆದರೂ ಆ ಚಿತ್ರ ಎತ್ತಿದ ಪ್ರಶ್ನೆ ಸುಳ್ಳಲ್ಲ. ಪತ್ರಿಕೆಗಳು ಅಚ್ಚು ಹಾಕಿದ್ದು ಏಕೆ? ಕೊಳ್ಳುವವರಿದ್ದರು. ಚಪ್ಪರಿಸಿ ಓದುವವರಿದ್ದರು. ಆ ಸಾಲಿನಲ್ಲಿ ನಾವಿಲ್ಲವೇ? ನಟನಟಿಯರ ವಿಚ್ಛೇದನ, ಜಗಳ, ಕಾಯಿಲೆಯ ಸುದ್ದಿ ಇಂದು ಮೊಬೈಲಿನಲ್ಲೇ ಮನೆಯೊಳಕ್ಕೆ ಬರುತ್ತದೆ. ಊಟಕ್ಕೆ ಕುಳಿತಲ್ಲಿ ಮಕ್ಕಳ ಎದುರಿಗೇ ಓದಿ ಹೇಳುತ್ತೇವೆ. ಎಂಟನೆಯ ಆಜ್ಞೆ ಸುಳ್ಳುಸಾಕ್ಷಿಯನ್ನು ಮಾತ್ರ ತಡೆಯುವುದಿಲ್ಲ. ಸಾಕಷ್ಟು ಆಧಾರವಿಲ್ಲದೆ ಒಬ್ಬರನ್ನು ಕೆಟ್ಟವರೆಂದು ತೀರ್ಮಾನಿಸುವುದೂ, ತಕ್ಕ ಕಾರಣವಿಲ್ಲದೆ ಇನ್ನೊಬ್ಬರ ತಪ್ಪನ್ನು, ಅದು ನಿಜವೇ ಆಗಿದ್ದರೂ, ಹರಡುವುದೂ ಪಾಪವೆಂದು ಧರ್ಮಸಭೆಯ ಧರ್ಮೋಪದೇಶ ಹೇಳುತ್ತದೆ. ಹೆಸರುವಾಸಿಯಾದವರಿಗೆ ಈ ಆಜ್ಞೆ ಅನ್ವಯಿಸುವುದಿಲ್ಲ ಎಂದು ಎಲ್ಲಿಯೂ ಬರೆದಿಲ್ಲ.

ತಂದೆತಾಯಂದಿರೇ, ಅಂಥ ಸುದ್ದಿ ಕೈಗೆ ಬಂದಾಗ ಒಂದು ಗಳಿಗೆ ತಡೆಯಿರಿ. ಈಕೆ ನಮ್ಮ ಮನೆಯ ಮಗಳಾಗಿದ್ದರೆ ಇದನ್ನು ನಾಲ್ಕು ಜನರಿಗೆ ಕಳುಹಿಸುತ್ತಿದ್ದೆವೇ ಎಂದು ಕೇಳಿಕೊಳ್ಳಿ. ಅದನ್ನು ನೋಡಿ ನಿಮ್ಮ ಮಕ್ಕಳೂ ಕಲಿಯುತ್ತಾರೆ. ಇಂದಿನ ಸಂಜೆಯ ಜಪಸರದಲ್ಲಿ, ಜನರ ಬಾಯಿಗೆ ಬಿದ್ದು ನೋಯುತ್ತಿರುವವರಿಗಾಗಿಯೂ ಒಂದು ನಮೋ ಮರಿಯ ಹೇಳೋಣ.