ನೋಡುವುದರಲ್ಲಿಯೂ ಅನರ್ಥದಂಡವೇ?

ಶ್ರಾವಕನ ಬದುಕಿನಲ್ಲಿ ಒದಗುವ ಹಿಂಸೆಯನ್ನು ಆರಂಭಿ, ಉದ್ಯೋಗಿ, ವಿರೋಧಿ, ಸಂಕಲ್ಪಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುವುದು ರೂಢಿ. ಒಲೆ ಹಚ್ಚುವ ಗೃಹಿಣಿಗೆ, ನೆಲ ಉಳುವ ರೈತನಿಗೆ, ಧಾನ್ಯದ ಗೋದಾಮು ಇಟ್ಟ ವರ್ತಕನಿಗೆ ಮೊದಲೆರಡು ಬಗೆಗಳಲ್ಲಿ ಅನಿವಾರ್ಯತೆಯ ಆಸರೆ ಒಂದಿಷ್ಟು ಉಂಟು. ಆದರೆ ಯಾರ ಹೊಟ್ಟೆಯೂ ತುಂಬದ, ಯಾರ ಪ್ರಾಣವೂ ಉಳಿಯದ ಕೆಲಸವೊಂದರಲ್ಲಿ ಜೀವಿಗೆ ಪೀಡೆಯಾದರೆ ಆ ಖರ್ಚನ್ನು ಯಾವ ಖಾತೆಗೆ ಬರೆಯಬೇಕು? ಕ್ಯಾಮೆರಾ ಹಿಡಿದು ಕೀಟಗಳ ಬೆನ್ನು ಹತ್ತುವ ಹವ್ಯಾಸವು ಇಂದು ನಮ್ಮ ಮನೆಗಳ ತರುಣರಲ್ಲಿಯೂ ಹಬ್ಬಿರುವುದರಿಂದ ಈ ಪ್ರಶ್ನೆ ವಿಚಾರಾರ್ಹವಾಗಿದೆ.

ಬೆಂಗಳೂರಿನ ಪೂರ್ವಕ್ಕೆ, ಕುಂದಲಹಳ್ಳಿಗೆ ಹೊಂದಿಕೊಂಡ ಬ್ರೂಕ್‌ಫೀಲ್ಡ್ ಬಡಾವಣೆಯಂತಹ ಕಡೆಗಳಲ್ಲಿ ಕಂಪನಿಗಳ ಕಟ್ಟಡಗಳೂ ವಸತಿ ಸಮುಚ್ಚಯಗಳೂ ಎದ್ದು ನಿಂತ ಮೇಲೂ ಅಲ್ಲೊಂದು ಇಲ್ಲೊಂದು ನಿವೇಶನ ಖಾಲಿ ಉಳಿದಿರುತ್ತದೆ. ಮಳೆ ಬಿದ್ದ ಮೇಲೆ ಅಂತಹ ನೆಲದಲ್ಲಿ ತುಂಬೆ ಬಿಳಿಯಾಗಿ ಅರಳುತ್ತದೆ. ಅದರ ಪಕ್ಕದಲ್ಲಿ ಅಮೆರಿಕ ಖಂಡದಿಂದ ಬಂದು ಇಲ್ಲಿಯದೇ ಆಗಿಹೋದ ಟ್ರೈಡ್ಯಾಕ್ಸ್ ಎಂಬ ಕಳೆ. ಬಿಸಿಲೇರುತ್ತಿದ್ದಂತೆ ಈ ಹೂಗಳಿಗೆ ಬರುವ ಅತಿಥಿಗಳಲ್ಲಿ ಮೈತುಂಬ ರೋಮವಿರುವ, ಉದ್ದವಾದ ಹೀರುಗೊಳವೆಯನ್ನು ಮುಂದಕ್ಕೆ ಚಾಚಿಕೊಂಡ ಸಣ್ಣ ಜೀವಿಯೊಂದಿದೆ. ನೋಡಿದವರು ದುಂಬಿಯೆನ್ನುವರು. ಅದು ದುಂಬಿಯಲ್ಲ, ನೊಣ. ದುಂಬಿಗೆ ನಾಲ್ಕು ರೆಕ್ಕೆ, ಇದಕ್ಕೆ ಎರಡೇ. ಕುಟುಕಲು ಮುಳ್ಳೂ ಇಲ್ಲ. (ಕನ್ನಡದ ವಿಚಿತ್ರವೆಂದರೆ, ನೊಣವಲ್ಲದ ಜೇನುಹುಳುವನ್ನು ನಾವು ಜೇನುನೊಣ ಎನ್ನುತ್ತೇವೆ. ನಿಜವಾದ ನೊಣವಾದ ಇದನ್ನು ಇಲ್ಲಿ ದುಂಬಿನೊಣ ಎಂದು ಕರೆಯಬಹುದು.) ಬಾಂಬಿಲಿಡೇ ಎಂಬ ಈ ಕುಟುಂಬದಲ್ಲಿ ಜಗತ್ತಿನಾದ್ಯಂತ ಸುಮಾರು 5,000 ಪ್ರಭೇದಗಳನ್ನು ವಿಜ್ಞಾನಿಗಳು ಗುರುತಿಸಿದ್ದಾರೆ.

ಸ್ಪರ್ಶನ, ರಸನ, ಘ್ರಾಣ, ಚಕ್ಷು ಈ ನಾಲ್ಕು ಇಂದ್ರಿಯಗಳುಳ್ಳ ಜೀವಿಗಳಿಗೆ ನಮ್ಮ ಆಗಮ ಪರಂಪರೆ ಭ್ರಮರವನ್ನೂ ನೊಣವನ್ನೂ ಉದಾಹರಣೆಯಾಗಿ ಕೊಡುತ್ತದೆ. ಆದ್ದರಿಂದ ಕ್ಯಾಮೆರಾದ ಮುಂದಿರುವುದು ಬಣ್ಣದ ವಸ್ತುವಲ್ಲ. ಕಾಣುವ, ಮೂಸುವ, ಸವಿಯುವ ಜೀವ. ಅದು ಕಾಣುತ್ತದೆ ಎಂಬುದೇ ಛಾಯಾಗ್ರಾಹಕನ ಮೊದಲ ತೊಡಕು. ನೆರಳು ಬಿದ್ದೊಡನೆ ಅದು ಹಾರಿಹೋಗುತ್ತದೆ. ಸಣ್ಣ ಕೀಟವನ್ನು ದೊಡ್ಡದಾಗಿ ತೋರುವ ಮ್ಯಾಕ್ರೋ ಮಸೂರವನ್ನು ಹೂವಿನಿಂದ ಅರ್ಧ ಅಡಿಯಷ್ಟು ಸಮೀಪಕ್ಕೆ ಒಯ್ಯಬೇಕಾಗುತ್ತದೆ. ಮೊಬೈಲ್ ಫೋನಾದರೆ ಇನ್ನೂ ಹತ್ತಿರ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇದನ್ನು ಓದುವವರು ಸಾಮಾನ್ಯವಾಗಿ ಎತ್ತು ಕುದುರೆಗಳನ್ನೋ ಮನೆಯ ಆಳುಗಳನ್ನೋ ನೆನೆಯುತ್ತಾರೆ. ಮಕರಂದ ಹೀರುತ್ತಿರುವ ನೊಣವನ್ನು ಒಂದು ಹೂವಿನಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಟ್ಟುತ್ತ ಹೋಗುವವನು ಮಾಡುತ್ತಿರುವುದು ಅನ್ನಪಾನನಿರೋಧವಲ್ಲದೆ ಬೇರೇನು? ಗಾಳಿಯಲ್ಲಿ ಒಂದೇ ಕಡೆ ನಿಂತು ರೆಕ್ಕೆ ಬಡಿಯುವ ಈ ಜೀವಿಗೆ ಹಾರಾಟವೆಂದರೆ ದೊಡ್ಡ ವೆಚ್ಚ; ಆ ವೆಚ್ಚ ತುಂಬುವುದು ಮಕರಂದದಿಂದಲೇ. ಅಲುಗಾಡದ ಚಿತ್ರ ಬೇಕೆಂದು ಕೀಟವನ್ನು ಡಬ್ಬಿಯಲ್ಲಿ ಹಿಡಿದು ಫ್ರಿಜ್ಜಿನಲ್ಲಿಟ್ಟು, ಜಡವಾದ ಮೇಲೆ ಹೂವಿನ ಮೇಲೆ ಕೂರಿಸುವ ಪದ್ಧತಿಯೂ ಕೆಲವರಲ್ಲಿದೆ. ಅದು ನೇರವಾಗಿ ಬಂಧ. ಆ ಚಿತ್ರವೆಷ್ಟೇ ಸುಂದರವಾಗಿದ್ದರೂ ಸುಳ್ಳು ಕೂಡ ಹೌದು: ಉಣ್ಣದ ಜೀವವನ್ನು ಉಣ್ಣುತ್ತಿರುವಂತೆ ತೋರಿಸುವ ಚಿತ್ರವದು.

ಇದಕ್ಕೆ ಸಮಾಧಾನ ಹೇಳುವವರುಂಟು. ಹಿಂದೆ ಕೀಟವನ್ನು ಅರಿಯಬೇಕಾದರೆ ಕೊಂದು ಸೂಜಿಗೆ ಚುಚ್ಚಬೇಕಿತ್ತು. 1920ರಲ್ಲಿ ‘ಫಾನಾ ಆಫ್ ಬ್ರಿಟಿಷ್ ಇಂಡಿಯಾ’ ಮಾಲೆಯಲ್ಲಿ ಬ್ರುನೆಟ್ಟಿಯವರು ಭಾರತದ ದುಂಬಿನೊಣಗಳನ್ನು ವರ್ಣಿಸಿದ್ದು ಅಂತಹ ಮಾದರಿಗಳಿಂದಲೇ. ಚಿತ್ರವು ಆ ಸೂಜಿಯನ್ನು ತಪ್ಪಿಸುತ್ತದೆಯಲ್ಲವೇ ಎಂದು. ಮಾತು ಬಹುಮಟ್ಟಿಗೆ ಸರಿ. ಬರಿಯ ಚಿತ್ರದಿಂದ ಎಲ್ಲ ಪ್ರಭೇದಗಳನ್ನೂ ನಿಶ್ಚಯಿಸಲಾಗದಿದ್ದರೂ ಕೊಲ್ಲದೆ ತಿಳಿಯುವ ಮಾರ್ಗವೊಂದು ತೆರೆದಿರುವುದು ಲಾಭವೇ. ಆದರೆ ಇನ್ನೊಬ್ಬನ ದೊಡ್ಡ ಸಾಲವನ್ನು ತೋರಿಸಿ ತನ್ನ ಸಣ್ಣ ಸಾಲವನ್ನು ವಜಾ ಮಾಡಿಕೊಳ್ಳುವ ಲೆಕ್ಕ ಯಾವ ಪೇಟೆಯಲ್ಲಿಯೂ ನಡೆಯದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಅನರ್ಥದಂಡದ ಐದು ಭೇದಗಳನ್ನು ಹೇಳುವಾಗ ಪ್ರಮಾದಚರ್ಯೆಯನ್ನೂ ಸೇರಿಸಿದ್ದಾರೆ. ಪ್ರಯೋಜನವಿಲ್ಲದೆ ನೆಲ ಅಗೆಯುವುದು, ಗಿಡ ತರಿಯುವುದು, ಸುಮ್ಮನೆ ಅಲೆಯುವುದು ಅದರಲ್ಲಿ ಬರುತ್ತವೆ. ಕಣ್ಣೆಲ್ಲ ಕ್ಯಾಮೆರಾದಲ್ಲಿಟ್ಟು, ಕಾಲ ಕೆಳಗಿನ ತುಂಬೆಯನ್ನೂ ಇರುವೆಯ ಸಾಲನ್ನೂ ತುಳಿಯುತ್ತ ನಡೆಯುವವನಿಗೆ ಈ ಮಾತು ಅವನಿಗಾಗಿಯೇ ಬರೆದಂತಿದೆ.

ಹಾಗಾದರೆ ಹವ್ಯಾಸವನ್ನೇ ಬಿಡಬೇಕೆ? ಅಷ್ಟು ದೂರ ಹೋಗಬೇಕಾಗಿಲ್ಲ. ಮುನಿಗಳ ಆಹಾರಚರ್ಯೆಗೆ ಭ್ರಾಮರೀವೃತ್ತಿಯೆಂಬ ಹೆಸರಿದೆ. ದುಂಬಿಯು ಹೂವಿಗೆ ನೋವಾಗದಂತೆ ಮಧುವನ್ನು ಕೊಳ್ಳುವ ಹಾಗೆ ದಾತಾರನಿಗೆ ಪೀಡೆಯಾಗದಂತೆ ಆಹಾರ ಸ್ವೀಕರಿಸುವುದು ಅದರ ಅರ್ಥ. ಮನೆಯಲ್ಲಿ ಮುನಿಗಳ ಆಹಾರ ನಡೆಯುವಾಗ ಅಂತರಾಯವಾಗದಿರಲೆಂದು ಮಕ್ಕಳು ಕೂಡ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಹೋಲಿಕೆ ಪದವಿಯದಲ್ಲ, ನಿಲ್ಲುವ ರೀತಿಯದು. ಹೂವಿನ ಬಳಿ ಮೊದಲೇ ಕುಳಿತು, ತನ್ನ ನೆರಳು ಹಿಂದಕ್ಕೆ ಬೀಳುವಂತೆ ನೋಡಿಕೊಂಡು, ನೊಣ ತಾನಾಗಿ ಬರುವವರೆಗೆ ಕಾಯುವವನ ಚಿತ್ರಕ್ಕೆ ಯಾರ ಊಟದಿಂದಲೂ ಬೆಲೆ ತೆರಬೇಕಾಗಿಲ್ಲ. ಗಂಟೆ ಕಾದರೂ ಅದು ಬಾರದಿದ್ದರೆ ಬರಿಗೈಯಲ್ಲಿ ಹಿಂದಿರುಗಲು ಅವನು ಸಿದ್ಧನಿರಬೇಕು. ಇದು ಕಷ್ಟ, ಚಿತ್ರದ ಲೋಭವೂ ಲೋಭವೇ.

ಹೀಗೆ ಕಾಯುವವನಿಗೆ ಇನ್ನೊಂದು ಪರೀಕ್ಷೆ ಎದುರಾಗುತ್ತದೆ. ಹೂವಿನ ಮೇಲೆ ಸಾಧುವಾಗಿ ಕಾಣುವ ಈ ನೊಣಗಳಲ್ಲಿ ಹಲವು ಪ್ರಭೇದಗಳ ಹೆಣ್ಣುಗಳು, ನೆಲದಲ್ಲಿ ಗೂಡು ಮಾಡುವ ಒಂಟಿ ದುಂಬಿಗಳ ಬಿಲದ ಮೇಲೆ ಹಾರುತ್ತ ನಿಂತು ಮೊಟ್ಟೆಗಳನ್ನು ಒಳಕ್ಕೆ ಚಿಮ್ಮುತ್ತವೆ. ಒಡೆದು ಬಂದ ಮರಿಹುಳು ದುಂಬಿಯ ಮರಿಯನ್ನೇ ತಿಂದು ಬೆಳೆಯುತ್ತದೆ. ಇದನ್ನು ಕಂಡವನ ಕೈ ನೊಣವನ್ನು ಓಡಿಸಲು ಏಳುವುದು ಸಹಜ. ಆದರೆ ಓಡಿಸಿದರೆ ಅದು ಮುಂದಿನ ಬಿಲಕ್ಕೆ ಹೋದೀತು. ಕೊಂದರೆ ಹಿಂಸೆಯ ಲೆಕ್ಕಕ್ಕೆ ಇನ್ನೊಂದು ಜೀವ ಸೇರೀತು. ಮರಿಹುಳು ಅಸಂಜ್ಞಿ, ಹಿತಾಹಿತವನ್ನು ತೂಗುವ ಮನಸ್ಸು ಅದಕ್ಕಿಲ್ಲ. ಮನಸ್ಸುಳ್ಳ ನೋಡುಗನೇ ಅದನ್ನು ದುಷ್ಟವೆಂದು ಹೆಸರಿಟ್ಟು ಅದರ ಕೇಡನ್ನು ಬಯಸಿದರೆ, ಅದು ಸಮಂತಭದ್ರರ ಪಟ್ಟಿಯಲ್ಲಿನ ಅಪಧ್ಯಾನ. ಮೈತ್ರಿ, ಪ್ರಮೋದ, ಕಾರುಣ್ಯಗಳ ಜೊತೆಗೆ ಮಾಧ್ಯಸ್ಥ್ಯವನ್ನೂ ಭಾವನೆಯಾಗಿ ವಿಧಿಸಿರುವುದು ವಿನಯವಿಲ್ಲದ ಮನುಷ್ಯರ ವಿಷಯದಲ್ಲಿ. ಆದರೂ ಬಿಲದ ಬಾಯಲ್ಲಿ ಕುಳಿತವನಿಗೆ ಆ ಒಂದರಿಂದಲೇ ಹೆಚ್ಚಿನ ಸಹಾಯವಾದೀತು.

ಬಸದಿಯ ಟ್ರಸ್ಟುಗಳು ಪಾಠಶಾಲೆಯ ಮಕ್ಕಳನ್ನು ಇಂತಹ ಬಯಲಿಗೆ ಕರೆದೊಯ್ಯುವುದಾದರೆ ಮೊದಲ ದಿನ ಕ್ಯಾಮೆರಾ ಬೇಡ. ದುಂಬಿನೊಣ ಬಿಸಿಲನ್ನು ಬಯಸುವ ಜೀವಿಯಾದ್ದರಿಂದ ಹೊತ್ತು ಬೆಳಕಿನದೇ ಆಗಿರುತ್ತದೆ. ಈರ್ಯಾಸಮಿತಿಯಲ್ಲಿ ಹೇಳುವಂತೆ ಮುಂದಿನ ನಾಲ್ಕು ಮೊಳ ನೆಲವನ್ನು ನೋಡಿಕೊಂಡು ನಡೆಯಲು ಅಡ್ಡಿಯಿಲ್ಲ. ಒಂದು ತುಂಬೆಗಿಡದ ಸುತ್ತ ನಾಲ್ಕೈದು ಮಕ್ಕಳು, ಕೈಗಳು ಮಡಿಲಲ್ಲಿ, ನೊಣ ಎಷ್ಟು ಹೂಗಳಿಗೆ ಹೋಯಿತೆಂದು ಮನಸ್ಸಿನಲ್ಲಿಯೇ ಎಣಿಸಲಿ.