ಗೆರೆ ಎಳೆದವರ ಹೊಣೆ

ಸಮುದ್ರದಲ್ಲೂ ಗಡಿಗಳಿವೆ ಅಂದರೆ ನಂಬ್ತೀರಾ? ಬೆಚ್ಚಗಿನ ನೀರೂ ತಣ್ಣನೆಯ ನೀರೂ ಎದುರಾಗುವ ಜಾಗವನ್ನು ಸಾಗರವಿಜ್ಞಾನಿಗಳು ಫ್ರಂಟ್ ಅಂತಾರೆ. ಹಲವು ಫ್ರಂಟ್‌ಗಳಲ್ಲಿ ಆಳದ ಪೋಷಕಾಂಶ ಮೇಲೆ ಬರುತ್ತೆ, ಪ್ಲ್ಯಾಂಕ್ಟನ್ ಬೆಳೆಯುತ್ತೆ, ಅದರ ಹಿಂದೆ ಮೀನು ಬರುತ್ತೆ. ದೋಣಿಯಿಂದ ನೋಡಿದರೆ ಒಂದಿಷ್ಟು ನೊರೆ, ತೇಲುವ ಕಸದ ಸಾಲು ಕಾಣಬಹುದು, ಅಷ್ಟೇ. ನೂರಾರು ಕಿಲೋಮೀಟರ್ ಉದ್ದದ ಇಡೀ ಗೆರೆ ಕಾಣೋದು ನೀರಿನ ಶಾಖ ಮತ್ತು ಬಣ್ಣವನ್ನು ಅಳೆಯುವ ಉಪಗ್ರಹಕ್ಕೆ.

ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಈ ಮಾಹಿತಿಯಿಂದ ಮೀನು ಸಿಗಬಹುದಾದ ಜಾಗಗಳನ್ನು ಗುರುತಿಸಿ ಮೀನುಗಾರರಿಗೆ ಉಚಿತವಾಗಿ ತಿಳಿಸುತ್ತೆ. ನಮ್ಮ ಕರಾವಳಿಗೂ ಈ ಸೂಚನೆ ಬರುತ್ತೆ. ಹುಡುಕಾಟ ಕಡಿಮೆಯಾದರೆ ಡೀಸೆಲ್ ಉಳಿಯುತ್ತೆ. ಇತ್ತ ಅಮೆರಿಕದ ನೋವಾ ಸಂಸ್ಥೆ 2006ರಲ್ಲಿ ಟರ್ಟಲ್‌ವಾಚ್ ಶುರುಮಾಡಿತು. ಹವಾಯಿಯ ಉತ್ತರಕ್ಕೆ ಲಾಗರ್‌ಹೆಡ್ ಕಡಲಾಮೆಗಳು ಹೆಚ್ಚಾಗಿ ಓಡಾಡುವ, ಸುಮಾರು 17.5ರಿಂದ 18.5 ಡಿಗ್ರಿ ಸೆಲ್ಸಿಯಸ್‌ನ ನೀರಿನ ಪಟ್ಟಿಯನ್ನು ಅದು ನಕ್ಷೆಯಲ್ಲಿ ತೋರಿಸುತ್ತೆ. ಅಲ್ಲಿ ಗಾಳ ಹಾಕಬೇಡಿ ಅನ್ನುತ್ತೆ.

ಅಳೆದದ್ದು ಎರಡೂ ಕಡೆ ನೀರಿನ ಶಾಖವನ್ನೇ. ಆದರೆ ಒಂದು ನಕ್ಷೆ "ಹೋಗಿ" ಅನ್ನುತ್ತೆ, ಇನ್ನೊಂದು "ಹೋಗಬೇಡಿ" ಅನ್ನುತ್ತೆ.

"ಡೇಟಾ ತಟಸ್ಥ" ಅನ್ನೋದು ನಮ್ಮ ವೃತ್ತಿಯವರಿಗೆ ಇಷ್ಟದ ಮಾತು. ಶಾಖಕ್ಕೆ ಪಕ್ಷವಿಲ್ಲ, ನಿಜ. ಆದರೆ ಎಷ್ಟು ವ್ಯತ್ಯಾಸ ಇದ್ದರೆ ಅದನ್ನು ಗಡಿ ಅನ್ನಬೇಕು, ಆ ಗಡಿಯ ಮೇಲೆ ಮೀನು ಅಂತ ಬರೆಯಬೇಕೋ ಆಮೆ ಅಂತ ಬರೆಯಬೇಕೋ, ಇದನ್ನೆಲ್ಲ ತೀರ್ಮಾನಿಸಿದವರು ಮನುಷ್ಯರು.

ಹಾಗಾದರೆ ನಕ್ಷೆಯನ್ನು ಮುಚ್ಚಿಡೋದೇ ಒಳ್ಳೇದಾ? ನನಗೆ ಹಾಗನ್ನಿಸಲ್ಲ. ಮುಚ್ಚಿಟ್ಟರೆ ದುಬಾರಿ ಸೋನಾರ್ ಇರುವ ದೊಡ್ಡ ಹಡಗು ಹೇಗೂ ಮೀನು ಹುಡುಕುತ್ತೆ. ನಷ್ಟ ಸಣ್ಣ ದೋಣಿಯವನಿಗೆ. ಆದರೆ ಕೊಟ್ಟ ಮೇಲೆ ಇನ್ನೊಂದು ಲೆಕ್ಕವೂ ಇದೆ. ಇಷ್ಟು ದಿನ ಮೀನಿಗೆ ನಮ್ಮ ಅಜ್ಞಾನವೇ ಒಂದು ರಕ್ಷಣೆಯಾಗಿತ್ತು. ಎಲ್ಲಿದೆ ಅಂತ ಗೊತ್ತಿಲ್ಲದ್ದರಿಂದ ಎಷ್ಟೋ ಮೀನು ಉಳಿಯುತ್ತಿತ್ತು. ಆ ರಕ್ಷಣೆಯನ್ನು ನಾವು ತೆಗೆದಿದ್ದೇವೆ. ಅದರ ಜಾಗದಲ್ಲಿ ಬೇರೇನನ್ನಾದರೂ ಇಡುವ ಹೊಣೆಯೂ ನಮ್ಮದೇ ಅಲ್ವಾ? ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗಿರುವ 61 ದಿನಗಳ ನಿಷೇಧ ಅಂಥದ್ದೊಂದು. ಬಲೆಯ ಕಣ್ಣಿನ ಅಳತೆಗೆ ನಿಯಮ ಮಾಡೋದು ಇನ್ನೊಂದು.

ನೀವು ಕೆಲಸ ಮಾಡೋದು ಬ್ಯಾಂಕಿನಲ್ಲೋ ಆಸ್ಪತ್ರೆಯಲ್ಲೋ ಇರಬಹುದು. ಕಾಣದ್ದನ್ನು ಕಾಣಿಸುವ ಕೆಲಸ ನಿಮ್ಮದಾದರೆ, ಇದರಿಂದ ಯಾರಿಗೆ ಲಾಭ ಅಂತ ಎಲ್ಲರೂ ಕೇಳ್ತಾರೆ. ಇಷ್ಟು ದಿನ ಕಾಣದೇ ಇದ್ದದ್ದರಿಂದ ಯಾರು ಬದುಕಿಕೊಂಡಿದ್ದರು ಅಂತಲೂ ಕೇಳಿ. ಅದನ್ನು ಸಾಮಾನ್ಯವಾಗಿ ಯಾರೂ ಕೇಳಲ್ಲ.