ಕೇಳಿದವನ ಋಣ

ಬೆಲೆ ತೆರದೆ ನಮಗೆ ದೊರೆತ ವಸ್ತುವಿಗಾಗಿ ನಾವು ಯಾರಿಗಾದರೂ ಋಣಿಗಳೇ ಎಂಬುದು ಬಹು ಹಳೆಯ ಪ್ರಶ್ನೆ. ನಮ್ಮ ಪೂರ್ವಿಕರು ಅದಕ್ಕೆ ಕೊಟ್ಟ ಉತ್ತರವೂ ಅಷ್ಟೇ ಹಳೆಯದು: ಮನುಷ್ಯನು ಹುಟ್ಟುವಾಗಲೇ ದೇವತೆಗಳಿಗೂ ಋಷಿಗಳಿಗೂ ಪಿತೃಗಳಿಗೂ ಸಾಲಗಾರನಾಗಿ ಹುಟ್ಟುತ್ತಾನೆ, ಯಜ್ಞದಿಂದ ಮೊದಲನೆಯದನ್ನೂ ಅಧ್ಯಯನದಿಂದ ಎರಡನೆಯದನ್ನೂ ಸಂತಾನದಿಂದ ಮೂರನೆಯದನ್ನೂ ತೀರಿಸತಕ್ಕದ್ದು. ಇವುಗಳಲ್ಲಿ ಋಷಿಋಣವೆಂಬುದು ವಿಚಿತ್ರವಾದದ್ದು. ಅದಕ್ಕೆ ಪತ್ರವಿಲ್ಲ, ವಾಯಿದೆಯಿಲ್ಲ. ತೀರಿಸದವನ ಬಾಗಿಲಿಗೆ ಅಮೀನನು ಬರುವುದೂ ಇಲ್ಲ. ಯಾರೋ ಎಂದೋ ಆಡಿದ ಮಾತು ಕಿವಿಗೆ ಬಿದ್ದು ಬುದ್ಧಿ ಬೆಳಗಿತೆಂಬಷ್ಟರಿಂದಲೇ ನಾವು ಸಾಲಗಾರರು. ಈ ಋಣದ ಸ್ವರೂಪವನ್ನು ಕುರಿತು ಆಲೋಚಿಸುವಾಗ ನನಗೆ ಶಾಸ್ತ್ರಗ್ರಂಥಗಳಿಗಿಂತ ಮುಂಚೆ ಅಮೆರಿಕದ ಪಶ್ಚಿಮ ಕರಾವಳಿಯ ಬರ್ಕ್ಲಿ ಪಟ್ಟಣದ ಬಾನುಲಿ ಕೇಂದ್ರವೊಂದರ ಜಮಾಖರ್ಚು ನೆನಪಿಗೆ ಬರುತ್ತದೆಂದರೆ ಓದುಗರು ನಗಬಾರದು.

ಬಾನುಲಿಯ ಅಲೆಯ ಗುಣವೇ ಈ ಪ್ರಶ್ನೆಯನ್ನು ಹರಿತಗೊಳಿಸುವಂಥದು. ನಾನು ಕೇಳಿದ್ದರಿಂದ ನೆರೆಮನೆಯವರ ಪಾಲು ತೃಣದಷ್ಟೂ ಕಡಮೆಯಾಗುವುದಿಲ್ಲ. ನಾನು ಕೇಳದೆ ಬಿಟ್ಟರೆ ಪ್ರಸಾರ ಮಾಡುವವರಿಗೆ ಕಾಸಿನ ಉಳಿತಾಯವೂ ಇಲ್ಲ. ಹೀಗಿರುವಲ್ಲಿ ಕೇಳಿದವನು ಹಣವನ್ನು ಏಕೆ ಕೊಡಬೇಕು? ಲೋಕವು ಇದಕ್ಕೆ ಎರಡು ಸುಲಭವಾದ ಉತ್ತರಗಳನ್ನು ಕಂಡುಕೊಂಡಿತು. ಇಂಗ್ಲೆಂಡಿನವರು 1922ರಲ್ಲಿ ವರ್ಷಕ್ಕೆ 10 ಷಿಲಿಂಗುಗಳ ಪರವಾನಗಿ ಶುಲ್ಕವನ್ನು ಗೊತ್ತುಮಾಡಿದರು. ನಮ್ಮ ದೇಶವೂ ಅದೇ ದಾರಿಯನ್ನು ಹಿಡಿಯಿತು. ಅಂಚೆ ಕಚೇರಿಯ ಕಿಟಕಿಯ ಮುಂದೆ ನಿಂತು, ಪರವಾನಗಿಯ ಪುಸ್ತಕದಲ್ಲಿ ಆ ವರ್ಷದ ಚೀಟಿ ಅಂಟಿಸಿಸಿ, ಮೊಹರು ಹಾಕಿಸಿಕೊಂಡು ಬರುತ್ತಿದ್ದುದು ಹಿರಿಯ ಓದುಗರ ನೆನಪಿನಲ್ಲಿರಬಹುದು. ಅಮೆರಿಕದವರು ಕೇಳುಗನಿಂದ ಏನನ್ನೂ ಬೇಡಲಿಲ್ಲ. ಅವನ ಕಿವಿಯನ್ನು ಸಾಬೂನಿನ ವ್ಯಾಪಾರಿಗೆ ಮಾರಿದರು. ಮೊದಲನೆಯ ದಾರಿಯಲ್ಲಿ ನಾವು ಕೊಡುವುದು ಕಾನೂನಿನ ಭಯದಿಂದ. ಎರಡನೆಯದರಲ್ಲಿ ಕೊಟ್ಟೆವೆಂಬುದೇ ತಿಳಿಯದಂತೆ, ಕೊಂಡ ಸಾಬೂನಿನ ಬೆಲೆಯೊಳಗೆ ಸೇರಿಸಿ. ಎರಡರಲ್ಲಿಯೂ ಋಣವೆಂಬ ಭಾವನೆಗೆ ಎಡೆಯಿಲ್ಲ.

ಮೂರನೆಯ ದಾರಿಯನ್ನು ಹುಡುಕಿ ಹೊರಟವನು ಲೂಯಿಸ್ ಹಿಲ್ ಎಂಬ ತರುಣ. ಎರಡನೆಯ ಮಹಾಯುದ್ಧದಲ್ಲಿ ಆಯುಧ ಹಿಡಿಯುವುದು ತನ್ನ ಅಂತಃಸಾಕ್ಷಿಗೆ ಒಪ್ಪದೆಂದು ಹೇಳಿ, ಅಂಥವರಿಗಾಗಿ ಏರ್ಪಟ್ಟಿದ್ದ ಶಿಬಿರದಲ್ಲಿ ದುಡಿದು ಬಂದಿದ್ದ ಆತ, 1946ರಲ್ಲಿ ಸಮಾನಮನಸ್ಕರೊಡನೆ ಪೆಸಿಫಿಕಾ ಪ್ರತಿಷ್ಠಾನವನ್ನು ಕಟ್ಟಿ, 1949ರ ಏಪ್ರಿಲ್ 15ರಂದು ಬರ್ಕ್ಲಿಯ ಕೆ.ಪಿ.ಎಫ್.ಎ. ಎಂಬ ಕೇಂದ್ರದಿಂದ ಪ್ರಸಾರವನ್ನು ಆರಂಭಿಸಿದ. ಜಾಹೀರಾತಿನ ಸೋಂಕಿಲ್ಲ, ಸರ್ಕಾರದ ಹಣವಿಲ್ಲ. ಕೇಳುವವರಲ್ಲಿ ಮನಸ್ಸುಳ್ಳವರು ವರ್ಷಕ್ಕೆ 10 ಡಾಲರ್ ಕಳುಹಿಸಬಹುದು. ಕಳುಹಿಸಿದವರ ಮನೆಗೆ ಮುಂದಿನ ಕಾರ್ಯಕ್ರಮಗಳ ಪಟ್ಟಿಯುಳ್ಳ ‘ಫೋಲಿಯೊ’ ಅಂಚೆಯಲ್ಲಿ ಬರುವುದು. ಕಳುಹಿಸದವರಿಗೂ ಅದೇ ಸಂಗೀತ, ಅದೇ ನಾಟಕ, ಅದೇ ವಾದ. ಕೇಂದ್ರವು ಬಳಸಿದ ಎಫ್.ಎಂ. ಅಲೆಯನ್ನು ಹಿಡಿಯಬಲ್ಲ ಪೆಟ್ಟಿಗೆಗಳಾದರೋ ಆಗ ಕೆಲವೇ ಮನೆಗಳಲ್ಲಿದ್ದುವು. ಇಂಥ ವ್ಯವಸ್ಥೆ ಎಷ್ಟು ದಿನ ಬಾಳೀತು? ಮರುವರ್ಷದ ಆಗಸ್ಟಿನಲ್ಲಿ ಹಣ ಮುಗಿದು ಕೇಂದ್ರ ಮೂಕವಾಯಿತು. ಹೋಯಿತೆಂದು ಕೈತೊಳೆದುಕೊಳ್ಳದೆ ಕೇಳುಗರು ಚಂದಾ ಎತ್ತಿ 1951ರಲ್ಲಿ ಅದಕ್ಕೆ ಮತ್ತೆ ದನಿ ಬರಿಸಿದರು. ಫೋರ್ಡ್ ಪ್ರತಿಷ್ಠಾನದ ವಯಸ್ಕರ ಶಿಕ್ಷಣನಿಧಿಯಿಂದ 1,50,000 ಡಾಲರುಗಳ ನೆರವೂ ಒದಗಿತು. ಹಿಲ್ 1957ರಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ, ತೀರಿಕೊಂಡ.

ಹಿಲ್‌ನ ಲೆಕ್ಕ ಸರಳವಾಗಿತ್ತು. ಅಲೆ ತಲಪುವ ಪ್ರದೇಶದಲ್ಲಿ ಕೇಳಬಹುದಾದವರ ಪೈಕಿ ನೂರಕ್ಕೆ ಇಬ್ಬರು ಚಂದಾ ಕೊಟ್ಟರೆ ಸಾಕು, ಕೇಂದ್ರ ನಡೆಯುತ್ತದೆ. ಅರ್ಥಶಾಸ್ತ್ರಜ್ಞರು ಈ ಲೆಕ್ಕವನ್ನು ಕಂಡು ಉಳಿದ 98 ಮಂದಿಯನ್ನು ಬಿಟ್ಟಿಯಾಗಿ ಅನುಭವಿಸುವವರೆಂದು ಕರೆದು, ಬಿಟ್ಟಿ ಸಿಕ್ಕುವುದೆಂದು ತಿಳಿದ ಮೇಲೆ ಆ ಇಬ್ಬರು ತಾನೆ ಏಕೆ ಕೊಟ್ಟಾರೆಂದು ಕೇಳುತ್ತಾರೆ. ಬೇಸಗೆಯಲ್ಲಿ ನಮ್ಮ ಊರುಗಳ ದಾರಿಯ ಬದಿಯಲ್ಲಿ ಅರವಟ್ಟಿಗೆಗಳನ್ನು ಇಡಿಸುತ್ತಿದ್ದ ಪುಣ್ಯಾತ್ಮರಿಗೆ ಈ ಪ್ರಶ್ನೆ ಅರ್ಥವಾಗುತ್ತಿರಲಿಲ್ಲವೆಂದು ತೋರುತ್ತದೆ. ನೀರುಮಜ್ಜಿಗೆ ಕುಡಿದು ಬಾಯೊರಸಿಕೊಂಡು ಹೋದ ದಾರಿಹೋಕನನ್ನು ಯಾರೂ ಕಳ್ಳನೆನ್ನಲಿಲ್ಲ. ಅವನು ಕುಡಿದು ಹೋಗಲೆಂದೇ ಅರವಟ್ಟಿಗೆ ಇದ್ದದ್ದು. ನೂರರಲ್ಲಿ 98 ಮಂದಿ ಕೊಡದೆ ಕೇಳುವುದು ಹಿಲ್‌ನ ಯೋಜನೆಯ ದೋಷವಲ್ಲ, ಅದರ ಪ್ರಯೋಜನವೇ ಅದು.

ಇಲ್ಲಿ ಒಂದು ಸೂಕ್ಷ್ಮವಿದೆ. ಗೀತೆಯ ಹದಿನೇಳನೆಯ ಅಧ್ಯಾಯವು ದಾನವನ್ನು ಮೂರು ಬಗೆಯಾಗಿ ವಿಂಗಡಿಸಿ, ಪ್ರತ್ಯುಪಕಾರ ಮಾಡದವನಿಗೆ, ಕೊಡಬೇಕೆಂಬ ಒಂದೇ ಬುದ್ಧಿಯಿಂದ, ದೇಶ ಕಾಲ ಪಾತ್ರಗಳನ್ನರಿತು ಕೊಟ್ಟದ್ದನ್ನು ಸಾತ್ತ್ವಿಕವೆನ್ನುತ್ತದೆ. ಪ್ರತಿಫಲವನ್ನು ಬಯಸಿಯೋ ಮನಸ್ಸನ್ನು ನೋಯಿಸಿಕೊಂಡೋ ಕೊಟ್ಟದ್ದು ರಾಜಸ. ಈ ಅಳತೆಗೋಲನ್ನು ಹಿಡಿದು ನೋಡಿದರೆ ಬರ್ಕ್ಲಿಯ ಚಂದಾದಾರನ ಹತ್ತು ಡಾಲರ್ ಸಾತ್ತ್ವಿಕ ದಾನವಾಗಲಾರದು. ಬಾನುಲಿ ಕೇಂದ್ರ ಅವನಿಗೆ ಅದಾಗಲೇ ಉಪಕಾರ ಮಾಡಿದೆ. ರಾತ್ರಿಯ ಸಂಗೀತವನ್ನು ಅವನು ಕೇಳಿದ್ದಾನೆ. ಉಂಡವನು ಕೊಟ್ಟದ್ದು ಋಣಸಂದಾಯವೇ ಹೊರತು ದಾನವಲ್ಲವಷ್ಟೆ? ಹೌದು, ಆದರೆ ಅದೇ ಹತ್ತು ಡಾಲರಿಗೆ ಎರಡನೆಯ ಮುಖವೊಂದಿದೆ. ಅವನು ಕೊಟ್ಟದ್ದರಿಂದ, ಅವನು ಎಂದೂ ಕಾಣದ, ಅವನಿಗೆ ಎಂದೂ ಏನನ್ನೂ ಮಾಡದ ಆ 98 ಮಂದಿ ಕೇಳುತ್ತಾರೆ. ಪ್ರಸಾರಕರ ಕಡೆಗೆ ಅದು ಋಣದ ತೀರಿಕೆ. ಅಜ್ಞಾತ ಶ್ರೋತೃವಿನ ಕಡೆಗೆ ಅದು ದಾನ. ಒಂದೇ ನಾಣ್ಯದಿಂದ ಎರಡು ಧರ್ಮಗಳು ನೆರವೇರುವ ಇಂಥ ಸಂದರ್ಭಗಳು ಲೋಕದಲ್ಲಿ ಬಹಳವಿಲ್ಲ. ಕೇಂದ್ರದ ಧರ್ಮಾಧರ್ಮಗಳೆಲ್ಲವೂ, ನನ್ನ ಮಟ್ಟಿಗೆ, ಕೊಡುವವನು ಈ ಎರಡನೆಯ ಮುಖವನ್ನು ನೆನಪಿನಲ್ಲಿಟ್ಟುಕೊಂಡಿದ್ದಾನೆಯೇ ಎಂಬುದರ ಮೇಲೆ ನಿಂತಿವೆ.

ಮಾತನಾಡುವವರ ಕಡೆಯಿಂದಲೂ ಈ ಧರ್ಮ ನಡೆದುದುಂಟು. ವೇದಾಂತವನ್ನೂ ಬೌದ್ಧಧರ್ಮವನ್ನೂ ಪಶ್ಚಿಮದ ಜನಸಾಮಾನ್ಯರ ಕಿವಿಗೆ ಮುಟ್ಟಿಸಿದ ಆಲನ್ ವಾಟ್ಸ್, 1953ರಿಂದ ವಾರವಾರವೂ ಈ ಕೇಂದ್ರದಲ್ಲಿ ಉಪನ್ಯಾಸ ಮಾಡಿದ್ದು ಸಂಭಾವನೆಯಿಲ್ಲದೆ. ಉಪನಿಷತ್ತಿನ ತತ್ತ್ವವನ್ನು ಕ್ಯಾಲಿಫೋರ್ನಿಯದ ಕೇಳುಗನೊಬ್ಬ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತ ಕೇಳಿದ್ದರೆ, ಅವನ ಋಷಿಋಣವನ್ನು ಯಾವ ವಹಿಯಲ್ಲಿ ಬರೆಯಬೇಕೆಂಬುದನ್ನು ಮೀಮಾಂಸಕರೇ ಹೇಳಬೇಕು.

ಆದರೆ ವಿದ್ಯುಚ್ಛಕ್ತಿಯ ಬಿಲ್ಲಿಗೂ ಪ್ರಸಾರಸ್ತಂಭ ನಿಂತ ನೆಲದ ಬಾಡಿಗೆಗೂ ತಂತ್ರಜ್ಞರ ಸಂಬಳಕ್ಕೂ ವೇದಾಂತದಿಂದ ಉತ್ತರ ಹೇಳಲಾಗದು. ಆದುದರಿಂದ ಅಮೆರಿಕದ ಸಾರ್ವಜನಿಕ ಬಾನುಲಿ ಕೇಂದ್ರಗಳಲ್ಲಿ ವರ್ಷಕ್ಕೆ ಕೆಲವು ಸಲ ‘ದೇಣಿಗೆಯ ದಿನ’ಗಳು ಬರುತ್ತವೆ. ವಾರ್ತೆಯ ನಡುವೆ, ವಾದ್ಯದ ನಡುವೆ, ನಿರೂಪಕನು ಪ್ರಸಾರವನ್ನು ತಡೆದು ದೂರವಾಣಿ ಸಂಖ್ಯೆಯನ್ನು ಹೇಳುತ್ತಾನೆ. ಒಂದು ನಿಮಿಷ ಬಿಟ್ಟು ಮತ್ತೆ ಹೇಳುತ್ತಾನೆ. ಹಿನ್ನೆಲೆಯಲ್ಲಿ ಸ್ವಯಂಸೇವಕರ ಮೇಜಿನ ಫೋನುಗಳು ರಿಂಗಣಿಸುವುದು ಕೇಳಿಸುತ್ತದೆ. ಈ ಗಂಟೆಯೊಳಗೆ ಇಷ್ಟು ಕೂಡಬೇಕು, ಇನ್ನಿಷ್ಟು ಕಡಮೆ ಬಿದ್ದಿದೆ ಎನ್ನುತ್ತಾನೆ. ಇಷ್ಟು ಕೊಟ್ಟವರಿಗೆ ಕೇಂದ್ರದ ಹೆಸರು ಬರೆದ ಚಹಾದ ಬಟ್ಟಲು, ಇನ್ನಷ್ಟು ಕೊಟ್ಟವರಿಗೆ ಬಟ್ಟೆಯ ಚೀಲ ಎಂದು ಆಸೆ ತೋರಿಸುತ್ತಾನೆ. ಯಾಚನೆಯಲ್ಲಿ ಅವಮಾನವೇನೂ ಇಲ್ಲ. ಭಿಕ್ಷುಗಳನ್ನು ಪೂಜಿಸಿದ ದೇಶ ನಮ್ಮದು. ನನ್ನ ಆಕ್ಷೇಪವಿರುವುದು ಬಟ್ಟಲಿನ ಮೇಲೆ. ಆ ದೇಶದ ತೆರಿಗೆಯ ಕಾನೂನಿನಲ್ಲಿ ಒಂದು ರಸವತ್ತಾದ ನಿಯಮವಿದೆ: ದಾನಕ್ಕೆ ಪ್ರತಿಯಾಗಿ ಬೆಲೆಬಾಳುವ ವಸ್ತುವೇನಾದರೂ ಬಂದಿದ್ದರೆ, ಅದರ ಬೆಲೆಯನ್ನು ಕಳೆದು ಉಳಿದಷ್ಟಕ್ಕೆ ಮಾತ್ರ ತೆರಿಗೆಯ ವಿನಾಯಿತಿ; 75 ಡಾಲರಿಗೆ ಮೀರಿದ ಕೊಡುಗೆಯಾದರೆ ಆ ವಸ್ತುವಿನ ಬೆಲೆಯೆಷ್ಟೆಂದು ಸಂಸ್ಥೆಯೇ ಬರೆದು ತಿಳಿಸಬೇಕು. ದಾನದಲ್ಲಿ ಬೆರೆತ ವ್ಯಾಪಾರವನ್ನು ಸೋಸಿ ತೆಗೆಯುವ ಕೆಲಸದಲ್ಲಿ ಆದಾಯ ತೆರಿಗೆಯ ಗುಮಾಸ್ತನು ಭಗವದ್ಗೀತೆಯ ಭಾಷ್ಯಕಾರನಿಗೆ ಸಮೀಪದ ಬಂಧುವೆಂದು ನಾನು ಬಲ್ಲವರೊಡನೆ ಹೇಳುತ್ತಿರುತ್ತೇನೆ. ಭಾಷ್ಯಕಾರನಾದರೆ ಇನ್ನೂ ಸ್ವಲ್ಪ ಹೆಚ್ಚಾಗಿಯೇ ಕಳೆಯುತ್ತಿದ್ದನೋ ಏನೋ! ಬಟ್ಟಲು ಕೊಡುವವನ ದೃಷ್ಟಿಯನ್ನು ತನ್ನ ಕೈಯ ಮೇಲೆಯೇ ನಿಲ್ಲಿಸುತ್ತದೆ. ಆ 98 ಮಂದಿ ಮರೆಯಾಗುತ್ತಾರೆ.

ಸಂಸ್ಥೆಗಳು ಕೊಡುವ ಪ್ರಾಯೋಜಕತ್ವದ ಹಣದ ವಿಚಾರವನ್ನು ಬೇಗನೆ ಮುಗಿಸಬಹುದು. ಕೊಟ್ಟವರ ಹೆಸರನ್ನು ಹೇಳಬಹುದು, ಸರಕಿನ ಬೆಲೆಯನ್ನು ಹೇಳಕೂಡದು, ಕೊಳ್ಳಿರೆಂದು ಪ್ರೇರಿಸಕೂಡದು ಎಂದು ಅಲ್ಲಿನ ನಿಯಮ. ದೇವಸ್ಥಾನದ ಕಲ್ಲುಹಾಸಿನ ಮೇಲೆ ಹೆಸರು ಕೆತ್ತಿಸುವುದು ನಮಗೆ ಹೊಸದಲ್ಲ.

ಸರ್ಕಾರದ ಹಣದ ಮಾತು ಇದಕ್ಕಿಂತ ಕಠಿನ. 1967ರ ಸಾರ್ವಜನಿಕ ಪ್ರಸಾರ ಶಾಸನದಿಂದ ಆ ದೇಶದಲ್ಲಿ ಹುಟ್ಟಿದ ನಿಗಮವೊಂದು ದೇಶದ ಉದ್ದಗಲದ ಕೇಂದ್ರಗಳಿಗೆ ಹಣ ಹಂಚುತ್ತಿತ್ತು. 2025ರ ಜುಲೈ ತಿಂಗಳಲ್ಲಿ ಮುಂದಿನ ಎರಡು ವರ್ಷಗಳಿಗೆಂದು ಮಂಜೂರಾಗಿದ್ದ ಸುಮಾರು 110 ಕೋಟಿ ಡಾಲರುಗಳನ್ನು ಅಲ್ಲಿನ ಸಂಸತ್ತು ಹಿಂತೆಗೆದುಕೊಂಡಿತು. ಮುಂದಿನ ತಿಂಗಳ ಆರಂಭದಲ್ಲಿಯೇ ನಿಗಮವು ತನ್ನ ಕೆಲಸವನ್ನು ಮುಗಿಸುವುದಾಗಿ ಪ್ರಕಟಿಸಿತು. ಇದರಿಂದ ಹಿಲ್‌ನ ಮಾರ್ಗವೇ ಸರಿಯೆಂದು ಸಿದ್ಧವಾಯಿತೆಂದು ಸಂತೋಷಪಡುವವರುಂಟು. ನಾನು ಆ ಗುಂಪಿಗೆ ಸೇರಿದವನಲ್ಲ. ಮಹಾನಗರದಲ್ಲಿ ನೂರಕ್ಕೆ ಇಬ್ಬರೆಂದರೆ ಹತ್ತಾರು ಸಾವಿರ ಜನ. ಅಲಾಸ್ಕದ ಮಂಜಿನೊಳಗಿನ ಹಳ್ಳಿಯಲ್ಲಿ ಬೆರಳೆಣಿಕೆಯಷ್ಟು. ಅಂಥ ಕಡೆ ಬಿರುಗಾಳಿಯ ಮುನ್ಸೂಚನೆಯನ್ನು ಹೇಳುವ ದನಿ ಅದೊಂದೇ ಆಗಿರುವಾಗ, ಕರದ ರೂಪದಲ್ಲಿ ಬಲವಂತದಿಂದ ಪಡೆದ ಹಣವಾದರೂ, ದೂರದ ಅಪರಿಚಿತನಿಂದ ದೂರದ ಅಪರಿಚಿತನಿಗೆ ಹೋಗುತ್ತದೆಂಬ ಕಾರಣದಿಂದ, ಬಟ್ಟಲಿನ ದಾನಕ್ಕಿಂತ ಸತ್ತ್ವಕ್ಕೆ ಒಂದು ಮೆಟ್ಟಲು ಸಮೀಪವೇ ಇದೆಯೆಂದು ನನ್ನ ಅಭಿಪ್ರಾಯ. ಕೊಟ್ಟವನಿಗೆ ಪುಣ್ಯ ಬರುತ್ತದೆಯೋ ಇಲ್ಲವೋ, ಕೇಳಿದವನ ಹಡಗಂತೂ ಉಳಿಯುತ್ತದೆ.

ಒಬ್ಬನೇ ಸರ್ವವನ್ನೂ ಕೊಡುವ ದಾರಿಯೂ ಒಂದುಂಟು; ಅದಕ್ಕೆ ಕನ್ನಡಿಗರು ಬರ್ಕ್ಲಿಗೆ ಹೋಗಬೇಕಾಗಿಲ್ಲ. ಹಿಲ್‌ಗಿಂತ ಹದಿನಾಲ್ಕು ವರ್ಷ ಮುಂಚೆ, 1935ರಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ‘ವಿಠಲ ವಿಹಾರ’ವೆಂಬ ತಮ್ಮ ಮನೆಯಲ್ಲಿಯೇ 30 ವಾಟಿನ ಪ್ರೇಷಕವನ್ನು ನಿಲ್ಲಿಸಿ, ಸಂಗೀತವನ್ನೂ ಉಪನ್ಯಾಸಗಳನ್ನೂ ಊರಿನವರಿಗೆ ಕೇಳಿಸಿದರು. ಇಂದಿನ ಒಂದು ದೀಪಕ್ಕೆ ಸಾಲುವಷ್ಟು ಶಕ್ತಿಯ ಆ ಯಂತ್ರಕ್ಕೆ ಇಟ್ಟ ‘ಆಕಾಶವಾಣಿ’ಯೆಂಬ ಹೆಸರು ಮುಂದೆ ಇಡೀ ದೇಶದ ಪ್ರಸಾರ ಸಂಸ್ಥೆಗೆ ಸಂದಿತು. ಆದರೆ ಒಬ್ಬರ ಔದಾರ್ಯಕ್ಕೆ ಒಬ್ಬರ ಕೈಚೀಲದಷ್ಟೇ ಆಯುಸ್ಸು. 1940ರ ದಶಕದ ಮೊದಲ ವರ್ಷಗಳಲ್ಲಿ ಕೇಂದ್ರವನ್ನು ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಕೇಳುಗರು ಕೃತಜ್ಞರಾಗಿದ್ದರೆಂಬುದರಲ್ಲಿ ಸಂಶಯವಿಲ್ಲ. ಋಣವನ್ನು ತೀರಿಸಲು ಅವರಿಗೆ ಒಂದು ದಾರಿಯಿರಲಿಲ್ಲ, ಅಷ್ಟೆ.

ಹಾಗಾದರೆ ಕೊಟ್ಟವರಿಗೆ ಅಧಿಕಾರವಿರಬೇಕೇ? ಹಿಲ್‌ನ ಉತ್ತರ ಕಟುವಾದದ್ದು: ಏನನ್ನು ಪ್ರಸಾರ ಮಾಡಬೇಕೆಂಬುದನ್ನು ನಿರ್ಧರಿಸತಕ್ಕವರು ಮೈಕಿನ ಮುಂದೆ ಕುಳಿತವರು. 1999ರ ಜುಲೈ ತಿಂಗಳಲ್ಲಿ ಪೆಸಿಫಿಕಾದ ಆಡಳಿತಕ್ಕೂ ಬರ್ಕ್ಲಿಯ ಕೇಂದ್ರದ ಸಿಬ್ಬಂದಿಗೂ ಜಗಳ ಹತ್ತಿ, ಸಿಬ್ಬಂದಿಯನ್ನು ಹೊರಗಿಟ್ಟು ಬಾಗಿಲು ಹಾಕಿದಾಗ, ಸಾವಿರಾರು ಕೇಳುಗರು ಬೀದಿಗಿಳಿದರು. ಆ ಹೋರಾಟದ ಫಲವಾಗಿ ಬಂದ ಹೊಸ ನಿಯಮಾವಳಿ ಚಂದಾದಾರರಿಗೆ ಮತದ ಹಕ್ಕನ್ನು ಕೊಟ್ಟಿತು. ನ್ಯಾಯವಾದದ್ದೇ. ಆದರೆ ಚುನಾವಣೆಯೊಡನೆ ಪಕ್ಷಗಳು ಬಂದುವು, ಪಕ್ಷಗಳೊಡನೆ ವ್ಯಾಜ್ಯ, ವ್ಯಾಜ್ಯದೊಡನೆ ಖರ್ಚು. ಕೊಡುವವನು ಒಡೆಯನಾದ ಮೇಲೆ, ಕೊಡದೆ ಕೇಳುವ 98 ಮಂದಿಯ ಪರವಾಗಿ ಕೈಯೆತ್ತುವವರು ಸಭೆಯಲ್ಲಿ ಉಳಿಯುವುದಿಲ್ಲ. ಬಸವಾದಿ ಶರಣರು ದಾಸೋಹವೆಂಬ ಆಚಾರವನ್ನು ನಿಲ್ಲಿಸಿದಾಗ ಕೊಡುವವನೇ ದಾಸನೆಂದು ಬಗೆದದ್ದು ಈ ಒಡೆತನದ ಮದಕ್ಕೆ ಮದ್ದಾಗಿ. ಆ ಮದ್ದನ್ನು ನಿಯಮಾವಳಿಯ ಕಲಮಾಗಿ ಬರೆಯುವ ಉಪಾಯ ಮಾತ್ರ ಯಾರಿಗೂ ಹೊಳೆದಂತಿಲ್ಲ. 2003ರಲ್ಲಿ ತೀರಿಕೊಂಡ ಜೋನ್ ಕ್ರಾಕ್ ಎಂಬ ಶ್ರೀಮಂತ ಮಹಿಳೆ 20 ಕೋಟಿ ಡಾಲರುಗಳಿಗೂ ಮೀರಿದ ಹಣವನ್ನು ಅಮೆರಿಕದ ರಾಷ್ಟ್ರೀಯ ಸಾರ್ವಜನಿಕ ಬಾನುಲಿಗೆ ಉಯಿಲಿನ ಮೂಲಕ ಬಿಟ್ಟುಹೋದರು. ತಾವು ಕೇಳಲಾರದ ಕಾಲದ ಕೇಳುಗರಿಗಾಗಿ ಕೊಟ್ಟವರು ಮರುದಿನ ಪತ್ರ ಬರೆದು ಕಾರ್ಯಕ್ರಮದ ಮೇಲೆ ತಕರಾರು ಹೇಳುವಂತಿಲ್ಲ. ಬದುಕಿರುವವರಿಗೆ ಅಷ್ಟು ನಿರ್ಲಿಪ್ತತೆ ಸಾಧ್ಯವೇ ಎಂಬುದೇ ಪ್ರಶ್ನೆ. ತನಗೆ ಸೇರದ ಮಾತನ್ನು ಕೇಳಿ ಹಲ್ಲು ಕಚ್ಚಿಕೊಂಡು, ಮರುವರ್ಷವೂ ಚಂದಾ ಕಳುಹಿಸುವವನು ಮಾತ್ರ ಆ ಎರಡನೆಯ ಧರ್ಮವನ್ನು ಅರಿತವನೆಂದು ನಾನು ತಿಳಿಯುತ್ತೇನೆ.

ನಮ್ಮ ನಾಡಿನಲ್ಲಿ ಈ ಪರೀಕ್ಷೆ ಈಗ ಮನೆಬಾಗಿಲಿಗೆ ಬಂದಿದೆ. ಅಲೆಗಳು ಸಾರ್ವಜನಿಕರ ಸ್ವತ್ತೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪು ಕೊಟ್ಟರೂ, ಸ್ವಯಂಸೇವಾ ಸಂಸ್ಥೆಗಳಿಗೆ ಪ್ರಸಾರ ಮಾಡಲು ಅನುಮತಿ ದೊರೆತದ್ದು 2006ರಲ್ಲಿ. ಅದಕ್ಕೂ ಮುಂಚೆ ಕೋಲಾರ ಜಿಲ್ಲೆಯ ಬೂದಿಕೋಟೆಯವರು ‘ನಮ್ಮ ಧ್ವನಿ’ಯನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಹರಿಸಿದ್ದರು. ಇಂಥ ಸಣ್ಣ ಕೇಂದ್ರಗಳು ನೂರು ವಾಟಿನ ಶಕ್ತಿಯಲ್ಲಿ, ಗಂಟೆಗೆ ಇಷ್ಟೇ ನಿಮಿಷ ಜಾಹೀರಾತೆಂಬ ಮಿತಿಯಲ್ಲಿ, ಅನುದಾನ ಬಂದ ವರ್ಷ ಉಸಿರಾಡುತ್ತ, ಬಾರದ ವರ್ಷ ಏದುಸಿರು ಬಿಡುತ್ತ ನಡೆಯುತ್ತಿವೆ. ನಿಮ್ಮ ಊರಿನ ಸುತ್ತ ಅಂಥದೊಂದಿದ್ದು, ಅದನ್ನು ನೀವು ಕೇಳಿದ್ದರೆ, ವರ್ಷಕ್ಕೊಮ್ಮೆ ನಿಮ್ಮ ಕೈಲಾದಷ್ಟು ಹಣ ಕಳುಹಿಸಿರಿ. ರಸೀದಿಯನ್ನು ಕೇಳಿ ಪಡೆಯಿರಿ. ಯಾವ ಹಾಡನ್ನು ಹಾಕಬೇಕೆಂಬ ಚೀಟಿಯನ್ನು ಮಾತ್ರ ಹಣದ ಜೊತೆಯಲ್ಲಿ ಇಡಬೇಡಿರಿ.